ಚಿಕ್ಕಬಳ್ಳಾಪುರ ಸೀಮೆಯಲ್ಲಿ ಉಬುಂಟು, ಮಿಂಟ್: ಬಳಕೆದಾರರ ಅನುಭವ

ಉಬುಂಟು, ಲಿನಕ್ಸ್ ಮಿಂಟ್, ಜೋರಿನ್ ಇವು ಹೊಸಬರಿಗೆಂದೇ ಹದಗೊಳಿಸಿದ ಮುಕ್ತ ತಂತ್ರಾಂಶದ ಡೆಸ್ಕ್‌ಟಾಪ್ ಕಾರ್ಯಾಚರಣೆ ವ್ಯವಸ್ಥೆಗಳು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಸಾರಿದ ಗ್ನೂ ಯೋಜನೆಯ ಸಲಕರಣೆಗಳೂ 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ಕರ್ನಲ್ಲೂ ಸೇರಿ ಇವುಗಳ ಅಡಿಪಾಯವಾಗಿವೆ. ದುಡ್ಡು ಕೊಡಬೇಕಿಲ್ಲ, ಮೂಲ ಸಂಕೇತವನ್ನು ಯಾರು ಬೇಕಾದರೂ ಓದಿ ತಿದ್ದಬಹುದು, ನಕಲು ಮಾಡಿ ಹಂಚಿದರೆ ತಪ್ಪಿಲ್ಲ. 2007ರಲ್ಲಿ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ಚಿಕ್ಕಬಳ್ಳಾಪುರ ಮತ್ತು ಅದರ ತಾಲ್ಲೂಕು ಕೇಂದ್ರಗಳಾದ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಕಂಪ್ಯೂಟರು ಕೂತಿರುವ ಜಾಗಗಳು ಹೆಚ್ಚೇನಿಲ್ಲ: ಶಾಲೆಯ ಲ್ಯಾಬು, ಝೆರಾಕ್ಸ್-ಡಿಟಿಪಿ ಅಂಗಡಿ, ಲೆಕ್ಕಪತ್ರ ಬರೆಯುವವರ ಮೇಜು, ಮಂಡಿ, ಸರ್ಕಾರಿ ಕಚೇರಿ, ಓದುವ ಮಕ್ಕಳಿರುವ ಮನೆ. ಈ ಜಾಗಗಳಲ್ಲಿ ಇಂಥ ವ್ಯವಸ್ಥೆಯೊಂದು ಸುಲಭವೋ ಕಷ್ಟವೋ ಎಂಬ ಪ್ರಶ್ನೆಗೆ ಉತ್ತರ ಪರದೆಯ ಮೇಲೆ ಸಿಕ್ಕುವುದಿಲ್ಲ. ಪಕ್ಕದಲ್ಲಿರುವ ಪ್ರಿಂಟರು ಯಾವುದು, ಎದುರಂಗಡಿಯವನು ಕಳಿಸುವ ಫೈಲು ಯಾವ ಅಕ್ಷರದಲ್ಲಿದೆ, ಕೆಟ್ಟರೆ ನೋಡುವವರು ಯಾರು ಎಂಬ ಮೂರು ಸಂಗತಿಗಳು ಅದನ್ನು ತೀರ್ಮಾನಿಸುತ್ತವೆ. ತಂತ್ರಾಂಶದ ಗುಣವೆಂದು ಜನ ಹೊಗಳುವುದೂ ಬೈಯುವುದೂ ಬಹುಪಾಲು ಅದರ ನೆರೆಹೊರೆಯ ಗುಣ ಎಂಬುದು ಈ ಲೇಖನದ ವಾದ.

ಮೊದಲು ವ್ಯವಸ್ಥೆಯ ವಿಷಯ. ಮಾರ್ಕ್ ಶಟಲ್‌ವರ್ತ್ ಕಟ್ಟಿದ ಕೆನಾನಿಕಲ್ ಕಂಪನಿ ಉಬುಂಟುವಿನ ಮೊದಲ ಆವೃತ್ತಿಯನ್ನು 2004ರ ಅಕ್ಟೋಬರಿನಲ್ಲಿ ಹೊರತಂದಿತು. ಕೇಳಿದವರ ಮನೆಗೆ ಪುಕ್ಕಟೆಯಾಗಿ ಸಿ.ಡಿ. ಕಳಿಸುವ ಏರ್ಪಾಟನ್ನು ಅದು 2011ರವರೆಗೆ ನಡೆಸಿತು. ಇಂಟರ್‌ನೆಟ್ ನಿಧಾನವಾಗಿದ್ದ ಆ ಕಾಲದಲ್ಲಿ ನಮ್ಮ ಸಣ್ಣ ಊರುಗಳಿಗೆ ಲಿನಕ್ಸ್ ತಲುಪಲು ಅಂಚೆಯೂ ಒಂದು ದಾರಿಯಾಗಿತ್ತು. ಕ್ಲೆಮೆಂಟ್ ಲೆಫೆಬ್ರ್ 2006ರಲ್ಲಿ ಶುರುಮಾಡಿದ ಮಿಂಟ್, ಉಬುಂಟುವನ್ನೇ ತಳಹದಿಯಾಗಿಟ್ಟುಕೊಂಡು ಕೆಳ ಎಡಮೂಲೆಯಲ್ಲಿ ಮೆನು, ಬಲಮೂಲೆಯಲ್ಲಿ ಗಡಿಯಾರ ಎಂಬ ವಿಂಡೋಸ್ ಅಭ್ಯಾಸವನ್ನು ಹಾಗೇ ಉಳಿಸಿಕೊಂಡಿತು. ಉಬುಂಟು 2011ರ ಹೊತ್ತಿಗೆ ಯೂನಿಟಿ ಎಂಬ ಹೊಸ ಮುಖಕ್ಕೂ 2017ರಲ್ಲಿ ಗ್ನೋಮ್‌ಗೂ ಹೊರಳಿ ಹಳೆಯ ಬಳಕೆದಾರರನ್ನು ಎರಡು ಸಲ ತಡವರಿಸುವಂತೆ ಮಾಡಿತು. ಹೊಸಬರಿಗೆ ಮಿಂಟನ್ನೇ ಹಾಕಿಕೊಡುವ ರೂಢಿ ಬೆಳೆದದ್ದರ ಹಿಂದೆ ಈ ತಡವರಿಕೆಯ ಪಾಲಿದೆ. ಎರಡನ್ನೂ ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಒಪ್ಪಿದರೆ ಹಾಕಿಕೊಳ್ಳಬಹುದು. ಅಡ್ಡಿ ಬರುವುದು ಹಾಕಿಕೊಳ್ಳುವಾಗ. ನಮ್ಮಲ್ಲಿ ಮದುವೆ ಫೋಟೊಗಳಿಂದ ಹಿಡಿದು ಪಹಣಿ ಸ್ಕ್ಯಾನಿನವರೆಗೆ ಎಲ್ಲವೂ ಇರುವುದು ‘ಡಿ ಡ್ರೈವ್’ನಲ್ಲಿ. ಹೊಸ ವ್ಯವಸ್ಥೆಯ ಕಣ್ಣಿಗೆ ಸಿ, ಡಿ ಎಂಬ ಹೆಸರುಗಳೇ ಇಲ್ಲ, ಹಾಗಾಗಿ ಯಾವ ಭಾಗವನ್ನು ಮುಟ್ಟಬಾರದೆಂದು ಹೊಸಬರಿಗೆ ತಿಳಿಯುವುದಿಲ್ಲ. ಎರಡೂ ವ್ಯವಸ್ಥೆಗಳನ್ನು ಒಟ್ಟಿಗೆ ಇಟ್ಟುಕೊಂಡವರಿಗೆ ವಿಂಡೋಸಿನ ‘ಫಾಸ್ಟ್ ಸ್ಟಾರ್ಟಪ್’ ಇನ್ನೊಂದು ಗೋಳು. ಅದು ಯಂತ್ರವನ್ನು ಪೂರ್ತಿ ಆರಿಸದೆ ಅರೆನಿದ್ದೆಯಲ್ಲಿ ಇಡುವುದರಿಂದ ಲಿನಕ್ಸ್ ಆ ವಿಭಾಗವನ್ನು ಓದಲಷ್ಟೇ ತೆರೆಯುತ್ತದೆ, ಅಲ್ಲಿ ಬರೆಯಲು ಬಿಡುವುದಿಲ್ಲ. ಯುಪಿಎಸ್ ಇಲ್ಲದ ಮೇಜಿನಲ್ಲಿ ಕರೆಂಟು ಪದೇ ಪದೇ ಹೋದರೆ ಒಂದು ದಿನ ಕಪ್ಪು ಪರದೆಯ ಮೇಲೆ ‘ಇನಿಟ್‌ರಾಮ್‌ಎಫ್‌ಎಸ್’ ಎಂಬ ಪದ ಎದುರಾಗುವುದೂ ಉಂಟು. ಒಂದು ಸಾಲಿನ ಆದೇಶ ಕೊಟ್ಟು ಡಿಸ್ಕನ್ನು ಪರೀಕ್ಷಿಸಿದರೆ ಸಾಮಾನ್ಯವಾಗಿ ಸರಿಹೋಗುವ ತೊಂದರೆ ಅದು. ಆ ಒಂದು ಸಾಲು ಗೊತ್ತಿರುವವರು ಊರಿನಲ್ಲಿದ್ದರೆ ‘ಲಿನಕ್ಸ್ ಗಟ್ಟಿ’ ಎಂಬ ಮಾತು ಹುಟ್ಟುತ್ತದೆ, ಇಲ್ಲದಿದ್ದರೆ ‘ಲಿನಕ್ಸ್ ಕೈಕೊಟ್ಟಿತು’ ಎಂಬ ಮಾತು.

ಪುಕ್ಕಟೆ ಎಂಬ ಗುಣವೇ ಬಡ ಬಳಕೆದಾರರನ್ನು ಇದರತ್ತ ಎಳೆಯಬೇಕಿತ್ತಲ್ಲವೇ ಎಂದು ಕೇಳಬಹುದು. ಎಳೆಯಲಿಲ್ಲ, ಏಕೆಂದರೆ ಇಲ್ಲಿ ವಿಂಡೋಸಿಗೂ ಬಹುಕಾಲ ಬೆಲೆಯೇ ಇರಲಿಲ್ಲ. ಸ್ವಲ್ಪ ಅಗ್ಗಕ್ಕೆ, ವಿಂಡೋಸ್ ಇಲ್ಲದೆ ಸಿಗುವ ‘ಡಾಸ್ ಲ್ಯಾಪ್‌ಟಾಪ್’ ಕೊಂಡು, ಮಾರಿದವರಿಂದಲೋ ರಿಪೇರಿಯವರಿಂದಲೋ ಪರವಾನಗಿಯಿಲ್ಲದ ವಿಂಡೋಸ್, ಆಫೀಸ್, ಫೋಟೊಶಾಪ್, ಜೊತೆಗೆ ಕನ್ನಡ ಬರೆಯಲು ನುಡಿ ಎಲ್ಲವನ್ನೂ ಒಂದೇ ಕೂಲಿಯಲ್ಲಿ ತುಂಬಿಸಿಕೊಳ್ಳುವುದು ಕರ್ನಾಟಕದ ಊರೂರಿನ ರೂಢಿ. ಕೆಲವು ಲ್ಯಾಪ್‌ಟಾಪುಗಳು ಕಾರ್ಖಾನೆಯಿಂದಲೇ ಉಬುಂಟು ಹಾಕಿಸಿಕೊಂಡು ಬರುತ್ತಿದ್ದವು. ಅಂಥವುಗಳಲ್ಲೂ ಅದನ್ನು ಅಳಿಸಿ ವಿಂಡೋಸ್ ತುಂಬಿಸುವುದೇ ಮೊದಲ ‘ಸರ್ವಿಸ್’ ಆಗುತ್ತಿತ್ತು. ಹಾಗಾಗಿ ಮುಕ್ತ ತಂತ್ರಾಂಶದವರು ಮುಂದಿಟ್ಟ ಉಳಿತಾಯದ ಲೆಕ್ಕ ಮನೆಬಳಕೆಯವರ ಕಿವಿಗೆ ಬೀಳಲಿಲ್ಲ. ಅದು ಸಲ್ಲುವುದು ಪರವಾನಗಿಯಿಲ್ಲದ ನಕಲನ್ನು ಬಳಸಲಾಗದ ಸರ್ಕಾರಕ್ಕೆ, ಶಾಲೆಗೆ, ದೊಡ್ಡ ಸಂಸ್ಥೆಗೆ. ಸುಮಾರು 2 ಲಕ್ಷ ಶಾಲಾ ಕಂಪ್ಯೂಟರುಗಳಲ್ಲಿ ಲಿನಕ್ಸ್ ಬಳಸಿ 3000 ಕೋಟಿ ರೂಪಾಯಿ ಉಳಿಸಿದ್ದೇವೆ ಎಂದು 2019ರಲ್ಲಿ ಕೇರಳದ ಶಾಲಾ ತಂತ್ರಜ್ಞಾನ ಸಂಸ್ಥೆ ಕೈಟ್ ಹೇಳಿಕೊಂಡಿತು. ಅಂದರೆ ಒಂದು ಕಂಪ್ಯೂಟರಿಗೆ ಒಂದೂವರೆ ಲಕ್ಷ. ಎಲ್ಲ ತಂತ್ರಾಂಶಗಳನ್ನೂ ಪಟ್ಟಿಬೆಲೆಗೇ ಕೊಳ್ಳುತ್ತಿದ್ದೆವು ಎಂದು ಊಹಿಸಿದರೆ ಮಾತ್ರ ಸಿಗುವ ಮೊತ್ತ ಅದು, ತುಸು ಉದಾರವಾದದ್ದೇ. ಲೆಕ್ಕವನ್ನು ಅರ್ಧಕ್ಕೆ ಇಳಿಸಿದರೂ, ಕಾಲಕ್ಕೆ ಇಳಿಸಿದರೂ ಸರ್ಕಾರದ ಮಟ್ಟದಲ್ಲಿ ವಾದ ಗಟ್ಟಿಯಾಗಿಯೇ ಉಳಿಯುತ್ತದೆ. ಚಿಂತಾಮಣಿಯ ಡಿಟಿಪಿ ಅಂಗಡಿಯ ಮಟ್ಟದಲ್ಲಿ ಅದಕ್ಕೆ ಅರ್ಥವಿಲ್ಲ.

ಆ ಅಂಗಡಿಯವರಿಗೆ ಅರ್ಥವಾಗುವ ಪ್ರಶ್ನೆ ಒಂದೇ: ಕನ್ನಡ ಹೇಗೆ ಕುಟ್ಟುವುದು? ಇದನ್ನು ಬಿಡಿಸಿ ನೋಡಬೇಕು, ಏಕೆಂದರೆ ಈ ಸೀಮೆಯ ಬಳಕೆದಾರರ ಅನುಭವದ ತಿರುಳು ಇಲ್ಲೇ ಇದೆ. ಶೇಷಾದ್ರಿವಾಸು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು (ಕಗಪ) ರೂಪಿಸಿ ಸರ್ಕಾರ ತನ್ನದಾಗಿಸಿಕೊಂಡ ನುಡಿ, ಇವೆರಡೂ ವಿಂಡೋಸಿಗಾಗಿ ಹುಟ್ಟಿದವು. ಕೆ.ಪಿ. ರಾವ್ ಅವರ ಧ್ವನಿ ಆಧಾರಿತ ವಿನ್ಯಾಸದಿಂದ ಬೆಳೆದ ಕಗಪ ಕೀಲಿಮಣೆ ಗುಮಾಸ್ತರ, ಬೆರಳಚ್ಚುಗಾರರ, ಪತ್ರ ಬರಹಗಾರರ ಬೆರಳುಗಳಲ್ಲಿ ನೆಲೆಯಾಯಿತು. ಕೀಲಿಮಣೆಯಷ್ಟೇ ಆಗಿದ್ದರೆ ತೊಡಕಿರಲಿಲ್ಲ. ಆ ಕಾಲದ ನುಡಿ ಫೈಲುಗಳಲ್ಲಿ ಇರುವುದು ಕನ್ನಡದ ಸಂಕೇತವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿದ ಫಾಂಟುಗಳು ಅವು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಸ್ವಂತ ಮನೆ ಇದ್ದರೂ ನಮ್ಮ ಕಚೇರಿಗಳು, ಮುದ್ರಣಾಲಯಗಳು ಬಾಡಿಗೆ ಮನೆಯಲ್ಲೇ ದಶಕಗಳ ಕಾಲ ಸಂಸಾರ ಮಾಡಿದವು. ಅಂಥ ಫೈಲನ್ನು ಮಿಂಟ್‌ನಲ್ಲಿ ತೆರೆದರೆ ಕಾಣುವುದು ಅಡ್ಡಾದಿಡ್ಡಿ ಲ್ಯಾಟಿನ್ ಅಕ್ಷರಗಳ ಸಾಲು. ನುಡಿ ಫಾಂಟನ್ನು ತಂದು ಹಾಕಿದರೆ ಮಿಂಟ್ ಜೊತೆ ಬರುವ ಕಚೇರಿ ತಂತ್ರಾಂಶ ಲಿಬ್ರೆ ಆಫೀಸ್ ಅದನ್ನು ಬಹುಮಟ್ಟಿಗೆ ಸರಿಯಾಗಿಯೇ ತೋರಿಸುತ್ತದೆ. ತಿದ್ದಲು ಹೊರಟರೆ ನುಡಿಯ ಕೀಲಿ ಚಾಲಕ ಅಲ್ಲಿಲ್ಲ. ನೋಡಬಹುದು, ಮುಟ್ಟಲಾಗದು, ಮಡಿಯಲ್ಲಿಟ್ಟ ಪಾತ್ರೆಯ ಹಾಗೆ.

ಲಿನಕ್ಸಿನಲ್ಲಿ ಕನ್ನಡ ಬರೆಯುವುದು ಕಷ್ಟ ಎಂಬ ದೂರಿಗೆ ಮೂಲ ಇದು, ಮತ್ತು ದೂರು ಅರ್ಧ ಮಾತ್ರ ನಿಜ. ಯೂನಿಕೋಡ್ ಕನ್ನಡಕ್ಕೆ ಬೇಕಾದ ಲೋಹಿತ್, ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಫಾಂಟುಗಳು ಉಬುಂಟುವಿನ ಭಂಡಾರದಲ್ಲೇ ಸಿಗುತ್ತವೆ. ವ್ಯವಸ್ಥೆಯ ಕೀಲಿಮಣೆ ಪಟ್ಟಿಯಲ್ಲಿ ‘ಕನ್ನಡ ಕಗಪ’ ಎಂಬುದು ಹೆಸರು ಸಮೇತ ಇದೆ. ಬೆಂಗಳೂರಿನ ಪರಿಷತ್ತಿನ ಹೆಸರು ಜಗತ್ತಿನ ಯಾವ ಮೂಲೆಯಲ್ಲಿ ಉಬುಂಟು ಹಾಕಿದರೂ ಆ ಪಟ್ಟಿಯಲ್ಲಿ ಕಾಣುತ್ತದೆ ಎಂಬುದು ಸಣ್ಣ ಮಾತಲ್ಲ. ಆದರೆ ಅದನ್ನು ಆರಿಸಿಕೊಂಡ ನುಡಿ ಪಳಗಿದ ಬೆರಳು ಎರಡನೇ ಪದದಲ್ಲೇ ಎಡವುತ್ತದೆ. ಆ ಪಟ್ಟಿಯ ವಿನ್ಯಾಸಗಳು ಕೀಲಿಗೊಂದು ಸಂಕೇತ ಕೊಡುವ ಬರಿಯ ನಕ್ಷೆಗಳು. ಹಿಂದಿನ ಅಕ್ಷರ ಯಾವುದೆಂದು ಅವು ನೋಡುವುದಿಲ್ಲ. ನುಡಿಯಲ್ಲಿ ವ್ಯಂಜನದ ನಂತರ ಸ್ವರದ ಕೀಲಿ ಒತ್ತಿದರೆ ಅದು ತಾನಾಗಿ ಗುಣಿತವಾಗುತ್ತದೆ, ಇಲ್ಲಿ ಸ್ವರಕ್ಕೆ ಒಂದು ಜಾಗ, ಅದರ ಚಿಹ್ನೆಗೆ ಇನ್ನೊಂದು ಜಾಗ. ಇದಕ್ಕೆ ಪರಿಹಾರವಾಗಿ ಐಬಸ್ ಎಂಬ ಬರವಣಿಗೆಯ ಸಲಕರಣೆಯ ಮೂಲಕ ಹಾಕಿಕೊಳ್ಳುವ ಎಂ17ಎನ್ ಭಂಡಾರದಲ್ಲಿ ಬೇರೊಂದು ಕಗಪ ಇದೆ. ಒಂದೇ ಹೆಸರಿನ ಎರಡು ಕೀಲಿಮಣೆಗಳಿದ್ದು, ಹೊಸಬರ ಕೈಗೆ ಮೊದಲು ಸಿಗುವುದು ಒಗ್ಗದ ಒಂದು. ಪಳಗಿದವರು ಪಕ್ಕದಲ್ಲಿದ್ದರೆ ಐದು ನಿಮಿಷದ ಕೆಲಸ, ಇಲ್ಲದಿದ್ದವರು ಅಲ್ಲಿಗೇ ಕೈಬಿಡುತ್ತಾರೆ.

ಇದೇ ಕೀಲಿಮಣೆ ಪಟ್ಟಿಯಲ್ಲಿ ಈ ಜಿಲ್ಲೆಗೆ ಹೇಳಿ ಮಾಡಿಸಿದಂಥ ಒಂದು ಅನುಕೂಲವೂ ಅಡಗಿದೆ. ಗೌರಿಬಿದನೂರಿನಿಂದ ಹಿಂದೂಪುರಕ್ಕೆ, ಚಿಂತಾಮಣಿಯಿಂದ ಮದನಪಲ್ಲಿಗೆ ಸಂತೆ, ಸಂಬಂಧ, ವ್ಯಾಪಾರ ಎಲ್ಲ ನಡೆಯುವ ಗಡಿ ಇದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎಂಬುದು ಇಲ್ಲಿ ಬಹಳ ಮನೆಗಳ ಸಹಜ ಸ್ಥಿತಿ. ವಿಂಡೋಸಿನ ಹಳೆಯ ಡಿಟಿಪಿ ಲೋಕದಲ್ಲಿ ಕನ್ನಡಕ್ಕೆ ನುಡಿ ಅಥವಾ ಶ್ರೀಲಿಪಿ, ತೆಲುಗಿಗೆ ಅನು ಎಂದು ಬೇರೆ ಬೇರೆ ತಂತ್ರಾಂಶ, ಬೇರೆ ಬೇರೆ ಕೀಲಿ ಪಾಠ. ಲಿನಕ್ಸಿನ ಪಟ್ಟಿಯಲ್ಲಾದರೋ ಕಗಪ ಕ್ರಮವನ್ನೇ ತೆಲುಗಿಗೂ ಅಳವಡಿಸಿ ‘ತೆಲುಗು ಕಗಪ’ ಎಂದು ಇಟ್ಟಿದ್ದಾರೆ, ಹಿಂದಿ, ಮರಾಠಿ, ಸಂಸ್ಕೃತಗಳಿಗೂ ಹಾಗೆಯೇ. ಎರಡು ಕೀಲಿ ಒಟ್ಟಿಗೆ ಒತ್ತಿ ಭಾಷೆ ಬದಲಿಸಿ ಅದೇ ಬೆರಳಲ್ಲಿ ಬರೆಯಬಹುದು. ಲಗ್ನಪತ್ರಿಕೆಯನ್ನು ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ತೆಲುಗಿನಲ್ಲಿ ಮಾಡುವವರಿಗೆ ಇದಕ್ಕಿಂತ ನೇರವಾದ ದಾರಿ ಇಲ್ಲ. ಆದರೂ ಲಗ್ನಪತ್ರಿಕೆಯ ಕೆಲಸ ಲಿನಕ್ಸಿಗೆ ಬರಲಿಲ್ಲ. ಮುದ್ರಣಾಲಯದವರ ಹಳೆಯ ಮಾದರಿಗಳೆಲ್ಲ ಕೋರೆಲ್‌ಡ್ರಾ, ಪೇಜ್‌ಮೇಕರಿನಲ್ಲಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ ಬಂದದ್ದು 2001ರಲ್ಲಿ, ಆದರೂ ಅದರಲ್ಲಿ ಕೂಡಿಟ್ಟ ಪುಟಗಳ ಆಸ್ತಿಯನ್ನು ಬಿಟ್ಟು ಬರುವವರಿಲ್ಲ. ಇತ್ತ ಮುಕ್ತ ತಂತ್ರಾಂಶವಾದ ಸ್ಕ್ರೈಬಸ್ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ಶಕ್ತಿಯನ್ನು ಸ್ಥಿರ ಆವೃತ್ತಿಯೊಂದರಲ್ಲಿ ಕೊಟ್ಟದ್ದು 2024ರ ಜನವರಿಯಲ್ಲಿ. ಅಷ್ಟು ವರ್ಷ ಕನ್ನಡದ ಪುಟ ಕಟ್ಟುವವರಿಗೆ ಇಲ್ಲಿ ನಿಜಕ್ಕೂ ಸಲಕರಣೆ ಇರಲಿಲ್ಲ. ಇದನ್ನು ನೆರೆಹೊರೆಯ ತಲೆಗೆ ಕಟ್ಟುವಂತಿಲ್ಲ, ವ್ಯವಸ್ಥೆಯದೇ ಕೊರತೆ.

ಪರದೆಯ ಮೇಲಿನ ಮಾತು ಕನ್ನಡದಲ್ಲೇ ಇದ್ದರೆ ಹೊಸಬರಿಗೆ ಸುಲಭವಾಗುತ್ತದೆ ಎಂಬ ನಂಬಿಕೆಯಿಂದ ಸ್ವಯಂಸೇವಕರು ಗ್ನೋಮ್, ಕೆಡಿಇ ಪರಿಸರಗಳ ಸಾವಿರಾರು ಸಾಲುಗಳನ್ನು ಕನ್ನಡಿಸಿದರು. 2000ದ ದಶಕದ ಕೊನೆಯ ಹೊತ್ತಿಗೆ ಆ ಕೆಲಸ ಭರದಿಂದ ಸಾಗಿತ್ತು. ಫೈಲ್ ‘ಕಡತ’ವಾಯಿತು, ಪಾಸ್‌ವರ್ಡ್ ‘ಗುಪ್ತಪದ’ವಾಯಿತು. ಕಡತ ಎಂಬುದು ಒಳ್ಳೆಯ ಆಯ್ಕೆ. ಮಸಿ ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿಸಿ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದ ಕಾಲದಿಂದ ಬಂದ ಪದ. ತಾಲ್ಲೂಕು ಕಚೇರಿಯಲ್ಲಿ ‘ಕಡತ ವಿಲೇವಾರಿ’ ಇವತ್ತಿಗೂ ಜೀವಂತ ಮಾತು. ವಿಚಿತ್ರವೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗೆ ಕಡತ ಎನ್ನುವ ಗುಮಾಸ್ತರೇ ಕಂಪ್ಯೂಟರಿನ ಮುಂದೆ ಕೂತಾಗ ‘ಫೈಲ್ ಓಪನ್ ಮಾಡಿ’ ಅನ್ನುತ್ತಾರೆ. ಕಲಿಸಿದವರು ಇಂಗ್ಲಿಷ್ ಮೆನು ಇಟ್ಟುಕೊಂಡು ಕಲಿಸಿದ್ದಾರೆ, ‘ಎಡಗಡೆ ಮೂರನೆಯದು ಒತ್ತಿ’ ಎಂಬ ನೆನಪಿನ ದಾರಿ ಅವರದು. ಹಾಗಾದರೆ ಅನುವಾದ ವ್ಯರ್ಥವೇ? ಇಂಗ್ಲಿಷಿನಲ್ಲಿ ಒಮ್ಮೆ ಕಲಿತವರಿಗೆ ಹೌದು, ಬಹುಮಟ್ಟಿಗೆ. ಮೊದಲ ಸಲ ಕಲಿಯುವ ಕನ್ನಡ ಮಾಧ್ಯಮದ ಮಗುವಿಗೆ ಅಲ್ಲ. ಈ ವ್ಯತ್ಯಾಸವನ್ನು ಕಾಣಲು ಚಿಕ್ಕಬಳ್ಳಾಪುರ ಬಿಟ್ಟು ಕೇರಳದ ಕಾಸರಗೋಡಿಗೆ ಹೋಗಬೇಕು.

ಕೇರಳ ತನ್ನ ಐಟಿ ಅಟ್ ಸ್ಕೂಲ್ ಯೋಜನೆಯನ್ನು 2001ರಲ್ಲಿ ಆರಂಭಿಸಿ, ಆ ದಶಕ ಮುಗಿಯುವುದರೊಳಗೆ ಪ್ರೌಢಶಾಲೆಗಳನ್ನು ಪೂರ್ತಿಯಾಗಿ ಮುಕ್ತ ತಂತ್ರಾಂಶಕ್ಕೆ ತಂದಿತು. 2017ರಲ್ಲಿ ಯೋಜನೆಯೇ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟುವನ್ನು ತನ್ನ ಪಠ್ಯಕ್ಕೆ ತಕ್ಕಂತೆ ಕೂಡಿಸಿ ಶಾಲೆಗಳಿಗೆ ಹಂಚುವ ಕೆಲಸ ಅದರದು. ಮಂಜೇಶ್ವರ, ಕಾಸರಗೋಡು ಭಾಗದ ಕನ್ನಡ ಮಾಧ್ಯಮ ಶಾಲೆಗಳೂ ಇದರೊಳಗೇ ಇವೆ. ಐಟಿ ಪಠ್ಯಪುಸ್ತಕ ಕನ್ನಡದಲ್ಲಿದೆ, ಹತ್ತನೇ ತರಗತಿಯ ಪ್ರಾಯೋಗಿಕ ಪರೀಕ್ಷೆ ಲಿನಕ್ಸಿನ ಮೇಲೆಯೇ ನಡೆಯುತ್ತದೆ, ಮೇಷ್ಟ್ರುಗಳಿಗೆ ತರಬೇತಿ ಅದರಲ್ಲೇ. ಕರ್ನಾಟಕ, ಕೇರಳದ ಯೋಜನೆ ಶುರುವಾದ ಸುಮಾರಿಗೇ, ಮಾಹಿತಿ ಸಿಂಧು ಎಂಬ ಯೋಜನೆಯಲ್ಲಿ ಶಾಲೆಯ ಕಂಪ್ಯೂಟರ್ ಶಿಕ್ಷಣವನ್ನು ಖಾಸಗಿ ಕಂಪನಿಗಳಿಗೆ ಒಪ್ಪಿಸಿತು. ಮುಂದಿನ ಯೋಜನೆಗಳಲ್ಲೂ ಕಂಪನಿ ಲ್ಯಾಬು ಕಟ್ಟಿ, ಗುತ್ತಿಗೆಯ ಅವಧಿ ಮುಗಿದ ಮೇಲೆ ಶಾಲೆಗೆ ಬಿಟ್ಟುಹೋಗುವ ಪದ್ಧತಿ ಬಂತು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಈ ಎರಡೂ ರಾಜ್ಯಗಳ ಕ್ರಮವನ್ನು ಹೋಲಿಸಿ, ಹೊರಗುತ್ತಿಗೆಯಲ್ಲಿ ಮೇಷ್ಟ್ರು ಹೊರಗುಳಿಯುತ್ತಾರೆ ಎಂದು ತೋರಿಸಿತು. ಅದೇ ಸಂಸ್ಥೆ 2011ರಿಂದ ರಾಜ್ಯದ ಶಿಕ್ಷಣ ಸಂಶೋಧನಾ ಇಲಾಖೆಯೊಂದಿಗೆ ಸೇರಿ ವಿಷಯ ಶಿಕ್ಷಕರ ವೇದಿಕೆ ಎಂಬ ಕಾರ್ಯಕ್ರಮದಲ್ಲಿ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಉಬುಂಟು, ಗಣಿತದ ಜಿಯೋಜೀಬ್ರಾ, ಭೂಪಟದ ಮಾರ್ಬಲ್ ಮೊದಲಾದವನ್ನು ಕಲಿಸಿತು. ರೇಖಾಗಣಿತದ ಪ್ರಮೇಯವನ್ನು ಎಳೆದು ಹಿಗ್ಗಿಸಿ ತೋರಿಸಬಹುದೆಂದು ಕಂಡ ಗಣಿತದ ಮೇಷ್ಟ್ರಿಗೆ ಕೆಳಗೆ ಓಡುತ್ತಿರುವುದು ಯಾವ ವ್ಯವಸ್ಥೆ ಎಂಬುದು ಮುಖ್ಯವಾಗುವುದಿಲ್ಲ. ಕಲಿತು ಊರಿಗೆ ಮರಳಿದ ಶಿಕ್ಷಕರ ಸುತ್ತ ಮಾತ್ರ ಲ್ಯಾಬು, ಪರೀಕ್ಷೆ, ಪಠ್ಯ, ಕಚೇರಿ ಯಾವುದೂ ಅದಕ್ಕೆ ಹೊಂದಿಕೊಂಡಿರಲಿಲ್ಲ. ಸರ್ಕಾರಿ ನೌಕರರಿಗೆ 2012ರ ನಿಯಮಗಳ ಪ್ರಕಾರ ಕಡ್ಡಾಯವಾದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ಜನ ಸಿದ್ಧವಾಗುವುದು ಎಂಎಸ್ ಆಫೀಸ್, ನುಡಿಗಳನ್ನು ಕಲಿತೇ. ಒಂದೇ ಕನ್ನಡ, ಒಂದೇ ಉಬುಂಟು. ಗಡಿಯ ಆಚೆ ಅದು ಶಾಲೆಯ ದಿನಚರಿ, ಈಚೆ ತರಬೇತಿಯ ನೆನಪು.

ಕೇರಳದ್ದು ಕಡ್ಡಾಯ, ಬಳಕೆದಾರರ ಆಯ್ಕೆಯಲ್ಲ, ಶಾಲೆ ಮುಗಿಸಿದವರು ವಿಂಡೋಸಿಗೇ ಹೋಗುತ್ತಾರೆ ಎಂಬ ಆಕ್ಷೇಪ ಇದೆ. ಆಕ್ಷೇಪದ ಮೊದಲ ಭಾಗ ಸರಿ. ಆದರೆ ಕರ್ನಾಟಕದಲ್ಲೂ ವಿಂಡೋಸನ್ನು ಯಾರೂ ಆಯ್ದುಕೊಳ್ಳಲಿಲ್ಲ, ಅದು ಅಂಗಡಿಯವರಿಂದ ತುಂಬಿ ಬಂತು. ಮಂಜೇಶ್ವರದ ಹದಿಮೂರು ವರ್ಷದ ಮಕ್ಕಳು ಲಿನಕ್ಸನ್ನು ಪ್ರೀತಿಸುತ್ತಾರೆಂದು ಯಾರೂ ವಾದಿಸಬೇಕಿಲ್ಲ. ಅವರಿಗೆ ಅದು ತೊಡಕಾಗಿ ಕಾಣುವುದಿಲ್ಲ ಎಂಬಷ್ಟರಿಂದಲೇ ‘ಇದು ಎಂಜಿನಿಯರುಗಳಿಗೆ ಮಾತ್ರ’ ಎಂಬ ಮಾತು ಬಿದ್ದುಹೋಗುತ್ತದೆ.

ಉಳಿದದ್ದು ಯಂತ್ರಗಳ ನೆರೆಹೊರೆ. ಕರ್ನಾಟಕದ ಝೆರಾಕ್ಸ್ ಅಂಗಡಿಗಳಲ್ಲಿ ಅತಿಯಾಗಿ ಕಾಣುವ ಲೇಸರ್ ಪ್ರಿಂಟರುಗಳಲ್ಲಿ ಒಂದು ಕ್ಯಾನನ್ ಎಲ್‌ಬಿಪಿ 2900. ಗಟ್ಟಿ ಯಂತ್ರ, ಟೋನರು ತುಂಬಿಸುವುದು ಅಗ್ಗ. ಅದು ಮಾತಾಡುವುದು ಮಾತ್ರ ಕ್ಯಾನನ್ನಿನ ಸ್ವಂತ ಭಾಷೆಯಲ್ಲಿ, ಲಿನಕ್ಸಿನಲ್ಲಿ ಅದನ್ನು ಓಡಿಸುವುದು ಪಳಗಿದವರಿಗೂ ತಲೆನೋವು. ಎಪ್ಸನ್ನಿನ ಇಂಕ್‌ಟ್ಯಾಂಕ್ ಪ್ರಿಂಟರಾದರೆ ಸಾಮಾನ್ಯವಾಗಿ ತಕರಾರಿಲ್ಲದೆ ನಡೆಯುತ್ತದೆ. ಒಬ್ಬರು ‘ಹಾಕಿದ ತಕ್ಷಣ ಪ್ರಿಂಟ್ ಬಂತು’ ಎಂದರೆ, ಇನ್ನೊಬ್ಬರು ‘ಎರಡು ದಿನ ಒದ್ದಾಡಿದೆ’ ಎಂದರೆ, ಇಬ್ಬರ ಉಬುಂಟು ಒಂದೇ, ಪ್ರಿಂಟರು ಬೇರೆ. ಲೆಕ್ಕ ಬರೆಯುವವರಿಗೆ ಟ್ಯಾಲಿ ಬೇಕು, ಅದು ವಿಂಡೋಸಿನದು. ವೈನ್ ಎಂಬ ಏಣಿ ಹಾಕಿ ಓಡಿಸಬಹುದಾದರೂ ಜಿಎಸ್‌ಟಿ ಸಲ್ಲಿಸುವ ಕೊನೆಯ ದಿನ ಏಣಿಯ ಮೇಲೆ ನಿಲ್ಲುವ ಧೈರ್ಯ ಯಾರಿಗಿದೆ? ಆಧಾರ್ ದೃಢೀಕರಣದ ಬೆರಳಚ್ಚು ಸಾಧನಗಳಿಗೆ ಬೇಕಾದ ಸೇವಾ ತಂತ್ರಾಂಶ ಸಿಗುವುದು ಮುಖ್ಯವಾಗಿ ವಿಂಡೋಸ್, ಆಂಡ್ರಾಯ್ಡ್‌ಗಳಿಗೆ. ಹಾಗಾಗಿ ಬೆರಳೊತ್ತಿಸುವ ಸೇವಾ ಕೇಂದ್ರದವರು ಮಿಂಟ್ ಕಡೆ ತಿರುಗಿ ನೋಡುವಂತಿಲ್ಲ. ಇದೇ ಜಿಲ್ಲೆಯಲ್ಲಿ ಗೌರಿಬಿದನೂರಿನ ಬಳಿ ಭಾರತೀಯ ಖಭೌತ ಸಂಸ್ಥೆಯ ರೇಡಿಯೊ ವೀಕ್ಷಣಾಲಯವಿದೆ. ಆ ವಿಜ್ಞಾನದಲ್ಲಿ ಜಗತ್ತಿನಾದ್ಯಂತ ಬಳಕೆಯಲ್ಲಿರುವ ದತ್ತಾಂಶ ಸಂಸ್ಕರಣೆಯ ತಂತ್ರಾಂಶಗಳು ಬಹುತೇಕ ಲಿನಕ್ಸಿನಲ್ಲೇ ಬೆಳೆದವು. ಸೂರ್ಯನ ಸದ್ದು ಕೇಳುವವರಿಗೆ ಸಹಜವಾದ ವ್ಯವಸ್ಥೆ, ಪೇಟೆಬೀದಿಯಲ್ಲಿ ಜಾತಿ ಪ್ರಮಾಣಪತ್ರ ಮುದ್ರಿಸುವವರಿಗೆ ದಕ್ಕಿಲ್ಲ.

ಎಲ್ಲವೂ ಬ್ರೌಸರಿಗೆ ಬಂದಿರುವಾಗ, ಅದಕ್ಕಿಂತ ಹೆಚ್ಚಾಗಿ ಎಲ್ಲರ ಕೈಗೂ ಫೋನು ಬಂದಿರುವಾಗ ಈ ಚರ್ಚೆಯೇ ಹಳತಲ್ಲವೇ? ಭಾಗಶಃ ಹೌದು. ಸರ್ಕಾರಿ ಸೇವೆಗಳ ಸೇವಾ ಸಿಂಧು, ಆಸ್ತಿ ನೋಂದಣಿಗೆ 2023ರಲ್ಲಿ ಬಂದ ಕಾವೇರಿ 2.0 ಇಂಥವು ಬ್ರೌಸರಿನಲ್ಲೇ ತೆರೆದುಕೊಳ್ಳುತ್ತವೆ. ಒಂದು ಕಾಲದಲ್ಲಿ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಇಲ್ಲದೆ ಬಾಗಿಲು ತೆರೆಯದಿದ್ದ ಸರ್ಕಾರಿ ತಾಣಗಳ ಕಾಟ ಈಗ ಬಹಳ ತಗ್ಗಿದೆ. ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ಕರ್ನಲ್ಲೇ ಎಂದು ಉತ್ಸಾಹಿಗಳು ನೆನಪಿಸುತ್ತಾರೆ, ನಿಜವಾದರೂ ಬಳಕೆದಾರರಿಗೆ ಅದರಿಂದ ಏನೂ ಆಗಬೇಕಿಲ್ಲ. ಫೋನಿನಿಂದ ಆದ ನಿಜವಾದ ಬದಲಾವಣೆ ಬೇರೆ. ವಾಟ್ಸ್ಯಾಪಿನಲ್ಲಿ ಬರೆಯುವವರೆಲ್ಲ ಅರಿವಿಲ್ಲದೆಯೇ ಯೂನಿಕೋಡ್ ಕನ್ನಡಕ್ಕೆ ಬಂದುಬಿಟ್ಟರು, ಸುದ್ದಿಯ ಜಾಲತಾಣಗಳು ಬಂದವು, ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡಿಗೆ ಬಂದವು. ಹಳೆಯ ಫೈಲುಗಳನ್ನು ಮಾರ್ಪಡಿಸುವ ಪರಿವರ್ತಕಗಳನ್ನು ಸಂಚಯದಂಥ ಸ್ವಯಂಸೇವಕರ ಬಳಗ ಎಲ್ಲರಿಗೂ ತೆರೆದಿಟ್ಟಿತು. ಬಾಡಿಗೆ ಮನೆ ಖಾಲಿಯಾಗುತ್ತಿದ್ದ ಹಾಗೆ ಲಿನಕ್ಸಿನ ಮೇಲಿದ್ದ ಅತಿ ದೊಡ್ಡ ದೂರು, ಅದು ಏನನ್ನೂ ಮಾಡದೆಯೇ, ಕರಗತೊಡಗಿತು.

ಈ ನಡುವೆ 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಚಿಪ್ಪಾಗಲಿ, ಹೊಸ ಪ್ರೊಸೆಸರಾಗಲಿ ಇಲ್ಲದ ಯಂತ್ರಗಳು ಶಾಲೆಗಳಲ್ಲಿ, ಮನೆಗಳಲ್ಲಿ, ಅಂಗಡಿಗಳಲ್ಲಿ ಬೇಕಾದಷ್ಟಿವೆ. 2024ರ ಜುಲೈಯಲ್ಲಿ ಬಂದ ಮಿಂಟ್ 22ಕ್ಕೆ 4 ಜಿಬಿ ಮೆಮೊರಿ ಇದ್ದರೆ ಸಾಕು, ಬೆಂಬಲ 2029ರವರೆಗೆ. ಇನ್ನೂ ಹಳೆಯ 32 ಬಿಟ್ ಯಂತ್ರಗಳನ್ನು ಉಬುಂಟು 2017ರಲ್ಲೇ ಕೈಬಿಟ್ಟಿದೆ, ಅವುಗಳ ಮಾತು ಬೇರೆ. ಲೆಕ್ಕದಲ್ಲಿ ನೋಡಿದರೆ ಮಿಂಟಿಗೆ ಇದಕ್ಕಿಂತ ಒಳ್ಳೆಯ ಕಾಲ ಬಂದದ್ದಿಲ್ಲ. ಆದರೆ ಶಿಡ್ಲಘಟ್ಟದ ರೇಷ್ಮೆಗೂಡು ವ್ಯಾಪಾರಿಯ ಮನೆಯ ಹಳೆಯ ಲ್ಯಾಪ್‌ಟಾಪ್ ರಿಪೇರಿಗೆ ಬಂದಾಗ ಅದಕ್ಕೆ ಏನು ತುಂಬಬೇಕೆಂದು ಕೇಳುವವರು ಲೆಕ್ಕ ನೋಡುವುದಿಲ್ಲ. ‘ನುಡಿ ಹಾಕಿದ್ದೀರಾ, ಪ್ರಿಂಟರ್ ಬರುತ್ತಾ, ನಾಳೆ ಕೆಟ್ಟರೆ ಯಾರ ಹತ್ರ ಹೋಗೋದು’ ಎಂದು ಕೇಳುತ್ತಾರೆ. ಮೊದಲ ಪ್ರಶ್ನೆಗೆ ಇವತ್ತು ಉತ್ತರವಿದೆ. ಎರಡನೆಯದು ಪ್ರಿಂಟರಿನ ಹೆಸರಿನ ಮೇಲೆ ಹೋಗುತ್ತದೆ. ಮೂರನೆಯದಕ್ಕೆ ಉತ್ತರ ಹೇಳಬೇಕಾದವರು ಸ್ಕ್ರೂಡ್ರೈವರ್ ಹಿಡಿದು ಎದುರಿಗೇ ಕೂತಿರುತ್ತಾರೆ, ಅವರ ಜೇಬಿನ ಪೆನ್‌ಡ್ರೈವಿನಲ್ಲಿ ಸದ್ಯಕ್ಕೆ ಇರುವುದು ವಿಂಡೋಸ್.